‘ಬದನೆಕಾಯಿ’ ಹೇಳಿಕೊಟ್ಟವರು ಯಾರು?

ಬೋಧನಾಭ್ಯಾಸದ ಮೂರನೆಯ ವಾರ. ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ, ವಿಜ್ಞಾನ. ಪಾಠ: ಬೆಳಕು ಮತ್ತು ನೆರಳು. ಹಿಂದಿನ ರಾತ್ರಿ ಹುಡುಕಿ ಒಂದು ಒಳ್ಳೆಯ ವಿಡಿಯೊ ಇಟ್ಟುಕೊಂಡಿದ್ದೆ. ಆರು ನಿಮಿಷದ್ದು, ಕನ್ನಡದ್ದೇ. ತರಗತಿಯ ಟಿವಿಗೆ ಪೆನ್‌ಡ್ರೈವ್ ಹಾಕಿ ಅದನ್ನು ಓಡಿಸಿದೆ. ಮಕ್ಕಳು ಪಿಟಿಕ್ಕೆನ್ನದೆ ನೋಡಿದರು. ಆ ಹೊತ್ತಿನಲ್ಲಿ ನಾನು ಹಾಜರಾತಿ ಮುಗಿಸಿದೆ, ಕಪ್ಪುಹಲಗೆಯ ಮೇಲೆ ಮುಂದಿನ ಅಂಶಗಳನ್ನು ಬರೆದಿಟ್ಟೆ. ಸಮಯವನ್ನು ಚೆನ್ನಾಗಿ ಬಳಸಿಕೊಂಡೆ ಎಂದು ನನಗೇ ಮೆಚ್ಚುಗೆಯಾಯಿತು.

ವಿಡಿಯೊ ಮುಗಿದ ಮೇಲೆ ಪ್ರಶ್ನೆ ಕೇಳಿದೆ. ಇಬ್ಬರು ಕೈಯೆತ್ತಿದರು. ಉಳಿದವರಿಗೆ ಕಾಯದೆ ಉತ್ತರವನ್ನು ನಾನೇ ಹೇಳಿ ಮುಂದೆ ಹೋದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, “ಮಿಸ್, ಮಧ್ಯಾಹ್ನ ನೆರಳು ಎಲ್ಲಿಗೆ ಹೋಗುತ್ತೆ?” ಎಂದಳು. “ಆಮೇಲೆ ಹೇಳ್ತೀನಿ” ಎಂದೆ. ಹೇಳಲಿಲ್ಲ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: “ವಿಡಿಯೊ ಚೆನ್ನಾಗಿತ್ತು. ಅದು ನಡೆಯುವಾಗ ನೀವು ಎಲ್ಲಿದ್ದಿರಿ?”

ನನಗೆ ಸ್ವಲ್ಪ ಸಿಟ್ಟೇ ಬಂತು. ಏಕೆಂದರೆ ಮಕ್ಕಳಿಗೆ ಟಿವಿಯಿಂದ ಕಲಿಸಬಹುದು ಎನ್ನುವುದಕ್ಕೆ ನನ್ನ ಹತ್ತಿರ ಮನೆಯಲ್ಲೇ ಸಾಕ್ಷಿ ಇತ್ತು. ಅದೇ ತಿಂಗಳು ಕಾಲೇಜಿನಲ್ಲಿ ಸೆಮಿನಾರ್‌ಗೆ ‘ಶಾಲಾಪೂರ್ವ ಮಕ್ಕಳು ಮತ್ತು ಮಾಧ್ಯಮ’ ಎಂಬ ವಿಷಯ ಆರಿಸಿಕೊಂಡದ್ದೂ ಆ ಸಾಕ್ಷಿಯ ಧೈರ್ಯದಿಂದಲೇ.

ಸಾಕ್ಷಿ ನನ್ನ ತಮ್ಮ. ಅವನು ತಡವಾಗಿ ಮಾತು ಕಲಿತ. ಎರಡು ವರ್ಷ ತುಂಬಿದರೂ ‘ಅಮ್ಮ’ ಬಿಟ್ಟರೆ ಬರೀ ಬೆರಳು ತೋರಿಸುವುದು. ಅಮ್ಮ ದೇವರಿಗೆ ಹರಕೆ ಹೊತ್ತಳು, ಡಾಕ್ಟರಿಗೂ ತೋರಿಸಿದಳು. ಕಿವಿ ಸರಿಯಿದೆ, ಮಗುವಿನ ಜೊತೆ ಮಾತಾಡುತ್ತಾ ಇರಿ ಎಂದರು. 2010ರಲ್ಲಿ ಅಪ್ಪ ಮನೆಗೆ ಡಿಶ್ ಹಾಕಿಸಿದರು. ಅದರಲ್ಲಿ ಬರುತ್ತಿದ್ದ ಒಂದು ವಾಹಿನಿಯ ಮುಂದೆ ತಮ್ಮ ಬಂದು ಕೂತವನು ಏಳುತ್ತಿರಲಿಲ್ಲ. ಅದು ಸಿಬೀಬೀಸ್.

ಸಿಬೀಬೀಸ್ ಬಿಬಿಸಿಯ ಶಾಲಾಪೂರ್ವ ಮಕ್ಕಳ ವಾಹಿನಿ. ಬ್ರಿಟನ್ನಿನಲ್ಲಿ 2002ರ ಫೆಬ್ರವರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆಂದೇ ಆರಂಭವಾಯಿತು. ಅದರ ಭಾರತದ ಪ್ರಸಾರ ಶುರುವಾದದ್ದು 2007ರಲ್ಲಿ. ಆಗ ನಮ್ಮಲ್ಲಿದ್ದ ಹೆಚ್ಚಿನ ಮಕ್ಕಳ ವಾಹಿನಿಗಳು ಎಂಟು ಹತ್ತು ವರ್ಷದವರನ್ನು ಕಣ್ಣಮುಂದಿಟ್ಟುಕೊಂಡು ಓಡುವ, ಹೊಡೆಯುವ, ಬೀಳುವ ಕಾರ್ಟೂನುಗಳನ್ನು ತೋರಿಸುತ್ತಿದ್ದವು. ಎರಡು ಮೂರು ವರ್ಷದ ಮಗುವಿನ ವೇಗಕ್ಕೆ ಇಳಿದು ಮಾತಾಡುವ ವಾಹಿನಿ ಎಂದರೆ ಹೊಸದೇ. ಕನ್ನಡದಲ್ಲಿ 2009ರಲ್ಲಿ ಚಿಂಟು ಟಿವಿ ಬಂದಿತ್ತು. ನಾನು ಅದರ ಭಕ್ತೆ. ತಮ್ಮನಿಗೆ ಮಾತ್ರ ಅದರ ಓಟ ಹಿಡಿಸುತ್ತಿರಲಿಲ್ಲ.

ಅವನ ಪ್ರಾಣವೆಂದರೆ ಟೆಲಿಟಬ್ಬೀಸ್. ನೇರಳೆ, ಹಸಿರು, ಹಳದಿ, ಕೆಂಪು ಬಣ್ಣದ ನಾಲ್ಕು ದಪ್ಪ ಗೊಂಬೆಗಳು, ಹೊಟ್ಟೆಯ ಮೇಲೆ ಟಿವಿ ಪರದೆ. ಆ ಪರದೆಯಲ್ಲಿ ನಿಜವಾದ ಮಕ್ಕಳ ಒಂದು ಪುಟ್ಟ ಚಿತ್ರ ಬರುತ್ತದೆ. ಮುಗಿದ ಕೂಡಲೇ ಗೊಂಬೆಗಳು ಇನ್ನೊಮ್ಮೆ ಬೇಕೆಂದು ಕುಣಿಯುತ್ತವೆ, ಅದೇ ಚಿತ್ರ ಪೂರ್ತಿ ಮತ್ತೆ ಬರುತ್ತದೆ. ಹತ್ತು ವರ್ಷದ ನನಗೆ ತಲೆಚಿಟ್ಟು ಹಿಡಿಯುತ್ತಿತ್ತು. ಅದು ಬೇಕೆಂದೇ ಮಾಡಿದ್ದು ಎಂದು ಗೊತ್ತಾದದ್ದು ಈಗ, ಸೆಮಿನಾರ್‌ಗೆ ಓದುವಾಗ. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಆಂಡ್ರ್ಯೂ ಡೇವನ್‌ಪೋರ್ಟ್ ಮಾತಿನ ವಿಜ್ಞಾನವನ್ನು ಓದಿದವರು. ದೊಡ್ಡವರಿಗೆ ಬೇಸರ ತರಿಸುವ ಪುನರಾವರ್ತನೆಯೇ ಚಿಕ್ಕ ಮಗುವಿಗೆ ಹಿಡಿತ ಕೊಡುತ್ತದೆ. ಮುಂದೇನು ಬರುತ್ತದೆಂದು ಗೊತ್ತಿದ್ದಾಗ ಮಗು ಅದನ್ನು ಮೊದಲೇ ಹೇಳಲು ನೋಡುತ್ತದೆ. ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 1996ರಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಕಾರ್ಯಕ್ರಮದವರು ಇದನ್ನೇ ಇನ್ನೂ ಮುಂದಕ್ಕೆ ಒಯ್ದರು. ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ತೋರಿಸಿದರು. ನಿರೂಪಕ ಪ್ರಶ್ನೆ ಕೇಳಿ, ಪರದೆಯಿಂದಲೇ ಮಗುವನ್ನು ನೋಡುತ್ತಾ ಸುಮ್ಮನೆ ನಿಲ್ಲುತ್ತಿದ್ದ. ನೋಡುವ ಸಲ ಹೆಚ್ಚಿದಂತೆ ಮಕ್ಕಳು ಹೆಚ್ಚು ಉತ್ತರ ಕೂಗಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ನಮ್ಮ ತಮ್ಮನೂ ಕೂಗಿದ. ಮೂರು ವರ್ಷ ತುಂಬುವ ಮುಂಚೆ ಮಾತು ಶುರುವಾಯಿತು, ಆಮೇಲೆ ನಿಲ್ಲಲೇ ಇಲ್ಲ. ಹಾಗಾಗಿ ‘ನನ್ನ ತಮ್ಮನಿಗೆ ಮಾತು ಕಲಿಸಿದ್ದು ಒಂದು ವಾಹಿನಿ’ ಎಂದು ಸೆಮಿನಾರ್‌ನ ಮೊದಲ ವಾಕ್ಯ ಬರೆದಿಟ್ಟೆ.

ಆ ವಾಹಿನಿ ಹೆಚ್ಚು ದಿನ ಉಳಿಯಲಿಲ್ಲ. 2012ರ ನವೆಂಬರ್ ಕೊನೆಗೆ ಭಾರತದಲ್ಲಿ ಅದರ ಪ್ರಸಾರ ನಿಂತಿತು. ಬಿಬಿಸಿ ಎಂಟರ್‌ಟೇನ್‌ಮೆಂಟ್ ವಾಹಿನಿಯೂ ಅದರ ಜೊತೆಗೇ ಹೋಯಿತು. ಕಾರ್ಯಕ್ರಮ ಕೆಟ್ಟದ್ದೆಂದು ಅಲ್ಲ, ಲೆಕ್ಕ ಕೂಡಿಬರಲಿಲ್ಲವೆಂದು. ಆ ದಿನಗಳಲ್ಲಿ ಹೆಚ್ಚಿನ ಮನೆಗಳಿಗೆ ಟಿವಿ ಬರುತ್ತಿದ್ದುದು ಹಳೆಯ ಅನಲಾಗ್ ಕೇಬಲ್‌ನಲ್ಲಿ. ಅದರಲ್ಲಿ ಹಿಡಿಯುವುದು ನೂರರ ಆಸುಪಾಸು ವಾಹಿನಿಗಳು ಮಾತ್ರ, ಜಾಗಕ್ಕೆ ಕಾದಿದ್ದವು ನೂರಾರು. ಹಾಗಾಗಿ ವಾಹಿನಿಗಳೇ ಕೇಬಲ್‌ನವರಿಗೆ ಹಣ ಕೊಟ್ಟು ಜಾಗ ಹಿಡಿಯಬೇಕಿತ್ತು. ನೋಡುಗರು ಕಡಿಮೆ ಇರುವ, ಜಾಹೀರಾತಿಗೆ ಒಗ್ಗದ, ಇಂಗ್ಲಿಷಿನ ಶಾಲಾಪೂರ್ವ ವಾಹಿನಿಗೆ ಅದು ಹೊರಲಾಗದ ಹೊರೆ. ಕೇಬಲ್ ಡಿಜಿಟಲ್ ಆದರೆ ಈ ಇಕ್ಕಟ್ಟು ಸಡಿಲವಾಗುತ್ತದೆ ಎಂಬ ನಿರೀಕ್ಷೆ ಇತ್ತು. ದೊಡ್ಡ ಮಹಾನಗರಗಳಿಗೆ ಮೊದಲ ಹಂತದ ಗಡುವು 2012ರ ಅಕ್ಟೋಬರ್ 31. ಬೆಂಗಳೂರು, ಮೈಸೂರು ಸೇರಿದ ಎರಡನೇ ಹಂತದ್ದು 2013ರ ಮಾರ್ಚ್ 31. ಎರಡರ ನಡುವೆಯೇ ವಾಹಿನಿ ಬಾಗಿಲು ಹಾಕಿಕೊಂಡಿತ್ತು. ಮೂರು ವರ್ಷದ ವೀಕ್ಷಕ ಚಂದಾ ಕಟ್ಟುವುದಿಲ್ಲ, ಪತ್ರ ಬರೆಯುವುದಿಲ್ಲ, ಎರಡು ವರ್ಷದಲ್ಲಿ ಬೆಳೆದು ಬೇರೆ ವಾಹಿನಿಗೆ ಹೋಗುತ್ತಾನೆ. ಅವನ ಪರವಾಗಿ ಮಾರುಕಟ್ಟೆಯಲ್ಲಿ ಹಟ ಹಿಡಿಯುವವರು ಯಾರೂ ಇರುವುದಿಲ್ಲ.

ಸೆಮಿನಾರ್‌ಗೆ ಎರಡು ದಿನ ಮುಂಚೆ, ತಮ್ಮ ಆಡಿದ ಮೊದಲ ಮಾತು ಯಾವುದೆಂದು ಖಚಿತ ಮಾಡಿಕೊಳ್ಳಲು ಅಮ್ಮನಿಗೆ ಫೋನ್ ಮಾಡಿದೆ.

“ಬದ್ನೇಕಾಯಿ ಅಂದ ಕಣೆ” ಎಂದಳು ಅಮ್ಮ.

“ಟಿವಿ ನೋಡಿ ತಾನೇ?”

ಅಮ್ಮ ನಕ್ಕಳು. “ಇಂಗ್ಲಿಷ್ ಟಿವಿ ಬದ್ನೇಕಾಯಿ ಅಂತ ಹೇಳ್ಕೊಡ್ತಾ? ನಿಮ್ಮಜ್ಜಿ ಅಲ್ವಾ ಪಕ್ಕದಲ್ಲಿ ಕೂತಿದ್ದಿದ್ದು?”

ಆಗ ನೆನಪಾಯಿತು. ನಾನು ಶಾಲೆಗೆ, ಅಪ್ಪ ಅಂಗಡಿಗೆ, ಅಮ್ಮ ಅಡುಗೆಮನೆಗೆ ಹೋದರೆ ಟಿವಿ ಮುಂದೆ ತಮ್ಮನ ಜೊತೆ ಉಳಿಯುತ್ತಿದ್ದವಳು ಅಜ್ಜಿ. ಅವಳಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬಾರದು. ಆ ಗೊಂಬೆಗಳ ಹೆಸರು ನಾಲಿಗೆಗೆ ಹೊರಳದೆ ತಾನೇ ಹೆಸರಿಟ್ಟಿದ್ದಳು. ನೇರಳೆ ಗೊಂಬೆ ಬದನೆಕಾಯಿ, ಹಸಿರಿನದು ಸೌತೆಕಾಯಿ, ಹಳದಿಯದು ನಿಂಬೆಹಣ್ಣು, ಕೆಂಪಿನದು ಮೆಣಸಿನಕಾಯಿ. “ನೋಡ್ಲಾ ಮಗ, ಬದ್ನೇಕಾಯಿ ಎಲ್ಲೋಯ್ತು?” ಎಂದು ಕೇಳಿ ಸೊಪ್ಪು ಸೋಸುತ್ತಾ ಕೂರುತ್ತಿದ್ದಳು. ಅವಳಿಗೆ ಅವಸರವಿರಲಿಲ್ಲ. ತಮ್ಮ ಬೆರಳು ತೋರಿಸುವವರೆಗೂ, ಆಮೇಲೆ ಬಾಯಿ ತೆರೆಯುವವರೆಗೂ ಕಾಯುತ್ತಿದ್ದಳು. ವಾಹಿನಿ ನಿಂತ ಮೇಲೆ ಅವನು ಎರಡು ದಿನ ರಿಮೋಟ್ ಹಿಡಿದು ಅತ್ತ. ಮೂರನೆಯ ದಿನ ಅಜ್ಜಿ ಸಂತೆಯಿಂದ ತಂದ ತರಕಾರಿಗಳನ್ನೇ ಮೊರದಲ್ಲಿ ಸಾಲಾಗಿಟ್ಟು ಆಟ ಮುಂದುವರಿಸಿದಳು.

2003ರಲ್ಲಿ ಪ್ರಕಟವಾದ ಪೆಟ್ರೀಷಿಯಾ ಕುಲ್ ಅವರ ಪ್ರಯೋಗವನ್ನು ನಮ್ಮಲ್ಲಿ ಹಲವರು ಓದಿರಬಹುದು. ಒಂಬತ್ತು ತಿಂಗಳ ಅಮೆರಿಕದ ಮಕ್ಕಳಿಗೆ 12 ಬಾರಿ ಚೀನೀ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತರು. ಅದನ್ನೇ ಟಿವಿಯಲ್ಲಿ ನೋಡಿದವರು ಕಲಿಯಲಿಲ್ಲ. ಈ ಪ್ರಯೋಗವನ್ನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ ನಾನೇ, ನನ್ನ ಮನೆಯಲ್ಲಿ ನಡೆದದ್ದನ್ನು ತಲೆಕೆಳಗಾಗಿ ಓದಿಕೊಂಡಿದ್ದೆ. ವಾಹಿನಿಯ ಪಾಲನ್ನು ನಾನು ತೆಗೆದುಹಾಕುವುದಿಲ್ಲ. ನಿಧಾನ, ಪುನರಾವರ್ತನೆ, ಬಣ್ಣ ಎಲ್ಲವನ್ನೂ ಅದು ಕೊಟ್ಟಿತು, ಅಜ್ಜಿ ಮೊಮ್ಮಗ ಒಟ್ಟಿಗೆ ನೋಡುವುದಕ್ಕೆ ಒಂದು ವಸ್ತು ಕೊಟ್ಟಿತು. ಆದರೆ ಕೇಳಿ, ಕಾದು, ಉತ್ತರ ಬಂದಾಗ ಹಿಗ್ಗಿದವಳು ಅಜ್ಜಿ. ಅವಳು ಈಗಿಲ್ಲ. ಅವಳಿದ್ದಾಗ ಈ ಮಾತನ್ನು ಅವಳಿಗೆ ಹೇಳಲಿಲ್ಲ ಎನ್ನುವುದು ನನಗೆ ಉಳಿದ ಕೊರಗು.

ಸೆಮಿನಾರ್‌ನ ಮೊದಲ ವಾಕ್ಯ ಹೊಡೆದುಹಾಕಿದೆ. ಮಾರ್ಗದರ್ಶಕರ ಎರಡು ಸಾಲನ್ನು ಮತ್ತೆ ಓದಿದೆ. ಸಿಟ್ಟು ಇಳಿದಿತ್ತು.

ಮರುವಾರ ಅದೇ ತರಗತಿಗೆ ಅದೇ ವಿಡಿಯೊ ಒಯ್ದೆ. ಈ ಸಲ ಟಿವಿ ಪಕ್ಕದಲ್ಲೇ ನಿಂತೆ. ನಾಲ್ಕು ಕಡೆ ನಿಲ್ಲಿಸಿದೆ. ಪ್ರತಿ ಸಲ ಒಂದು ಪ್ರಶ್ನೆ, ಆಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಕೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಮೇರಿ ಬಡ್ ರೋ ತೋರಿಸಿದ್ದನ್ನು ಸೂಕ್ಷ್ಮ ಬೋಧನೆಯಲ್ಲಿ ಓದಿದ್ದೇವೆ. ಓದುವಾಗ ಸುಲಭ. ನಲವತ್ತು ಮಕ್ಕಳ ಎದುರು ಐದು ಸೆಕೆಂಡಿನ ಮೌನ ಎಷ್ಟು ಉದ್ದವೆಂದು ನಿಂತವರಿಗೇ ಗೊತ್ತು. ಮೊದಲ ಎರಡು ಸಲ ಯಾರೂ ಮಾತಾಡಲಿಲ್ಲ, ನನ್ನ ಅಂಗೈ ಬೆವರಿತು. ಮೂರನೆಯ ಸಲ ಹಿಂದಿನ ಬೆಂಚಿನಿಂದ ಉತ್ತರ ಬಂತು. ತಪ್ಪು ಉತ್ತರ. ಆದರೆ ಅದನ್ನು ತಿದ್ದಲು ಇನ್ನಿಬ್ಬರು ಎದ್ದರು. ಆರು ನಿಮಿಷದ ವಿಡಿಯೊಗೆ ಇಡೀ ಅವಧಿ ಹಿಡಿಯಿತು. ಪಾಠ ಯೋಜನೆಯ ಕೊನೆಯ ಎರಡು ಅಂಶ ಬಾಕಿ ಉಳಿದವು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಬಾಕಿಯಿತ್ತಲ್ಲ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನಮ್ಮ ಅದೃಷ್ಟಕ್ಕೆ ಅದು ಆಗಸ್ಟ್. ಹನ್ನೆರಡೂವರೆಗೆ ಸ್ವಲ್ಪ ಮುಂಚೆ ಅಂಗಳದಲ್ಲಿ ಒಂದು ಕೋಲು ನೆಟ್ಟು ಸುತ್ತ ನಿಂತೆವು. ಮೋಡ ಮುಚ್ಚಿತ್ತು. ಬಿಸಿಯೂಟದ ಗಂಟೆ ಹೊಡೆಯುವುದರೊಳಗೆ ಒಂದು ಗಳಿಗೆ ಬಿಸಿಲು ಬಂತು. ಕೋಲಿನ ನೆರಳು ಬುಡದಲ್ಲೇ ಅಡಗಿತ್ತು. ನನಗೆ ಹೇಳಿಬಿಡುವ ಆಸೆ ಬಾಯಿಯವರೆಗೂ ಬಂದಿತ್ತು. ಎಣಿಸತೊಡಗಿದೆ. ನಾಲ್ಕು ಎನ್ನುವಷ್ಟರಲ್ಲಿ ಆ ಹುಡುಗಿ ಬಗ್ಗಿ ನೋಡಿ, “ಮಿಸ್, ಎಲ್ಲೂ ಹೋಗಿಲ್ಲ, ಕೋಲಿನ ಕೆಳಗೇ ಇದೆ” ಎಂದಳು.