ಏಳರ ತಾಳಕ್ಕೆ ಎಂಟರ ಬೆಳಕು

ಹಗಲಲ್ಲಿ ನಾನು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಗಣೇಶನ ಹಬ್ಬ ಬಂದು ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಶುರುವಾಯಿತೆಂದರೆ ಸಂಜೆಯ ಮೇಲೆ ಮನೆಯವರು ನನ್ನನ್ನು ಹುಡುಕುವುದಿಲ್ಲ. ಎಲ್ಲೋ ಲೈಟಿಂಗ್ ಬೋರ್ಡಿನ ಹಿಂದೆ ಕೂತಿರುತ್ತಾನೆ ಎಂದು ಅವರಿಗೆ ಗೊತ್ತು. ನಮ್ಮೂರಿನ ಪ್ರಸನ್ನ ಗಣಪತಿ ಐದಕ್ಕೋ ಒಂಬತ್ತಕ್ಕೋ ನೀರಿಗಿಳಿಯುವವನಲ್ಲ, ತಿಂಗಳು ಮೀರಿ ಕೂರುತ್ತಾನೆ. ಹಾಡುವವರಿಗೂ ನಾಟಕದವರಿಗೂ ನನ್ನಂಥ ಬೆಳಕಿನ ಹುಚ್ಚರಿಗೂ ಅವನಷ್ಟು ಉಪಕಾರಿ ಇನ್ನೊಬ್ಬನಿಲ್ಲ.

ಪೆಟ್ಟು ಬಿದ್ದ ಕ್ಷಣಕ್ಕೆ ಸರಿಯಾಗಿ ಬಣ್ಣ ಬದಲಾದರೆ ಹಿಂದಿನ ಸಾಲಿನ ಹುಡುಗರು ತಾವಾಗಿ ಎದ್ದು ಕುಣಿಯುತ್ತಾರೆ. ಅದೆಲ್ಲ ಮೆಷಿನ್ನೇ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬೋರ್ಡಿನಲ್ಲಿ ಟ್ಯಾಪ್ ಬಟನ್ ಇದೆ, ನಿಜ. ಹಾಡಿನ ನಡೆಗೆ ನಾಲ್ಕು ಸಲ ಬೆರಳು ತಟ್ಟಿದರೆ ಅದು ಲೆಕ್ಕ ಹಾಕಿಕೊಳ್ಳುತ್ತದೆ: ನಿಮಿಷಕ್ಕೆ 120 ಪೆಟ್ಟು, ಅಂದರೆ ಅರ್ಧ ಸೆಕೆಂಡಿಗೊಂದು. ದೀಪಗಳು ಒಂದರ ಹಿಂದೊಂದು ಹತ್ತುವ ಚೇಸ್ ಆ ಲೆಕ್ಕದಲ್ಲೇ ಓಡುತ್ತದೆ. ಟ್ರ್ಯಾಕ್ ಹಾಕಿ ಹಾಡುವವರಿಗೆ ಇಷ್ಟು ಸಾಕು. ರಿದಂ ಪ್ಯಾಡಿನ ಮುಂದೆ ಮನುಷ್ಯ ಕೂತಿದ್ದರೆ ಮಾತ್ರ ಸಾಲದು. ಪಲ್ಲವಿಯಲ್ಲಿ ಸಾವಧಾನವಾಗಿದ್ದ ಕೈ ಎರಡನೇ ಚರಣಕ್ಕೆ ಬಿಸಿಯೇರಿರುತ್ತದೆ. ಬೆಳಕು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಜನಕ್ಕೆ ಏನಾಯಿತೆಂದು ತಿಳಿಯುವುದಿಲ್ಲ, ಸುಮ್ಮನೆ ಕಡಲೆಕಾಯಿ ಕಡೆ ಗಮನ ಹರಿಯುತ್ತದೆ.

ಮೈಕಿನಿಂದ ಸದ್ದು ಹಿಡಿದು ತಾನೇ ಮಿಂಚುವ ವ್ಯವಸ್ಥೆಯೂ ಇದೆ. ಅದನ್ನು ನಾನು ಮುಟ್ಟುವುದಿಲ್ಲ. ಅದು ಗಣ್ಯರ ಭಾಷಣಕ್ಕೂ ಕುಣಿಯುತ್ತದೆ, ಕೆಮ್ಮಿಗೂ ಕುಣಿಯುತ್ತದೆ.

ಈ ಕೆಲಸದಲ್ಲಿ ಕಿವಿಯನ್ನು ನಂಬಬಾರದು ಎಂದರೆ ಹೊಸಬರು ನಗುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನನ್ನ ಬೋರ್ಡು ವೇದಿಕೆಯಿಂದ 34 ಮೀಟರ್ ದೂರದಲ್ಲಿದ್ದರೆ, ನನಗೆ ಕೇಳುವ ಪೆಟ್ಟು ಬಿದ್ದು ಆಗಲೇ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. 120ರ ನಡೆಯಲ್ಲಿ ಅದು ಒಂದು ಪೆಟ್ಟಿನ ಐದನೇ ಒಂದು ಪಾಲು. ಕೇಳಿದ ಮೇಲೆ ಬಟನ್ ಒತ್ತಿದೆನೋ, ಮುಂದಿನ ಸಾಲಿನವರಿಗೆ ಬೆಳಕು ತಡವಾಗಿ ಬಂತೆಂದೇ ಲೆಕ್ಕ. ಅದಕ್ಕೇ ಬಾರಿಸುವವನ ಕೈ ನೋಡಬೇಕು. ಡೊಳ್ಳಿನವನ ಭುಜ ಎದ್ದು, ಕೋಲು ಮೇಲೆ ಹೋಗಿ ಒಂದು ಗಳಿಗೆ ನಿಲ್ಲುತ್ತದೆ. ಆಗ ನನ್ನ ಬೆರಳೂ ಬಟನ್ನಿನ ಮೇಲೆ ಭಾರ ಬಿಡಲು ಶುರುಮಾಡಿರುತ್ತದೆ.

ಹಳೆಯ ಸಾವಿರ ವ್ಯಾಟಿನ ಪಾರ್ ಲೈಟುಗಳ ಕಾಲದಲ್ಲಿ ಇನ್ನೂ ಮುಂಚೆ ಒತ್ತಬೇಕಿತ್ತು. ತಂತಿ ಕಾಯಬೇಕಲ್ಲ! ಡಿಮ್ಮರನ್ನು ಪೂರ್ತಿ ಇಳಿಸದೆ ಬೂದಿ ಮುಚ್ಚಿದ ಕೆಂಡದ ಹಾಗೆ ಸಣ್ಣಗೆ ಉಳಿಸಿಕೊಂಡಿದ್ದರೆ ಮಾತ್ರ ಪೆಟ್ಟಿಗೆ ಸರಿಯಾಗಿ ಭಗ್ಗೆನ್ನುತ್ತಿತ್ತು. ಆರಿಸಿದ ಮೇಲೂ ಕ್ಷಣಕಾಲ ಕೆಂಪು ಉಳಿಯುತ್ತಿತ್ತು. ಎಲ್‌ಇಡಿಗೆ ಆ ದಾಕ್ಷಿಣ್ಯವಿಲ್ಲ, ಒತ್ತಿದ ಕ್ಷಣಕ್ಕೆ ಹತ್ತಿ ಬಿಟ್ಟ ಕ್ಷಣಕ್ಕೆ ಸಾಯುತ್ತದೆ. ಕುಣಿಯುವ ಹಾಡಿಗೆ ಎಲ್‌ಇಡಿಯೇ ಸರಿ. ಭಾವಗೀತೆಗೆ ಹಳೆಯ ಪಾರ್ ಸಿಕ್ಕರೆ ಇವತ್ತಿಗೂ ಬಿಡುವುದಿಲ್ಲ.

ವೀರಗಾಸೆಗೆ ಬೆಳಕು ಬಿಡುವುದೆಂದರೆ ನನಗೆ ಹಬ್ಬ. ವಾದ್ಯ ನಿಂತು ಒಬ್ಬ ಮುಂದೆ ಬಂದು ಒಡಪು ಹೇಳುತ್ತಾನೆ. ಅಲ್ಲಿ ತಾಳವಿಲ್ಲ, ಉಸಿರಷ್ಟೇ. ಆಗ ಒಂದೇ ಒಂದು ಹಳದಿ ಬೆಳಕು, ಕದಲಬಾರದು. ಕೊನೆಯ ಅಕ್ಷರ ನೆಲಕ್ಕೆ ಬಿದ್ದದ್ದೇ ತಡ, ವಾದ್ಯಗಳೆಲ್ಲ ಒಟ್ಟಿಗೆ ಏಳುತ್ತವೆ, ಕೆಂಪು ತುಂಬಬೇಕು. ಟ್ಯಾಪ್ ಬಟನ್ನಿಗೆ ಇಲ್ಲಿ ಕೆಲಸವಿಲ್ಲ.

ಬೇಲೂರು, ಹಳೇಬೀಡಿನ ಕಡೆ ಹೊಯ್ಸಳ ಮಹೋತ್ಸವ ನಡೆದಾಗ ಭರತನಾಟ್ಯದವರು ಬರುತ್ತಾರೆ. ಮಿಶ್ರಚಾಪು ಬಂತೋ, ಬೋರ್ಡಿನ ಎಂಟು ಮೆಟ್ಟಿಲಿನ ಚೇಸ್ ಕೈಕೊಡುತ್ತದೆ. ತಕಿಟ ತಕಧಿಮಿ ಎಂದು ಏಳಕ್ಕೆ ಸುತ್ತುವ ತಾಳಕ್ಕೂ ಎಂಟಕ್ಕೆ ಸುತ್ತುವ ಬೆಳಕಿಗೂ ಮತ್ತೆ ಭೇಟಿಯಾಗುವುದು 56ನೇ ಎಣಿಕೆ ಮುಗಿದ ಮೇಲೆ. ಅಷ್ಟರಲ್ಲಿ ಜತಿಯೇ ಮುಗಿದಿರುತ್ತದೆ. ನಾನು ಚೇಸ್ ತೆಗೆದುಹಾಕಿ ಸಮಕ್ಕೆ ಮಾತ್ರ ಒಂದು ಬೆಳಕು ಕೊಡುತ್ತೇನೆ, ಮುಕ್ತಾಯಕ್ಕೆ ಇನ್ನೊಂದು. ಉಳಿದ ಎಣಿಕೆಯೆಲ್ಲ ನರ್ತಕಿಯ ಕಾಲಿಗೆ ಸೇರಿದ್ದು. ಆಕೆಯ ಮೇಲೆ ಬೆಳಕು ಪಕ್ಕದಿಂದ ಬೀಳಬೇಕು, ಬೆರಳಿನ ತುದಿಯವರೆಗೂ ಅಂಚು ಎದ್ದು ಕಾಣುತ್ತದೆ. ಬೇಲೂರಿನ ಮದನಿಕೆಯರು ಸಂಜೆಯ ಓರೆ ಬಿಸಿಲಿಗೆ ಹೆಚ್ಚು ಚೆನ್ನಾಗಿ ಕಾಣುವುದೂ ಇದೇ ಕಾರಣಕ್ಕೆ. ಕೆಲವರು ಗುಡಿಯ ಗೋಡೆಗೂ ನೀಲಿ, ಗುಲಾಬಿ ಸುತ್ತಿಸುತ್ತಾರೆ. 1117ರ ಬಳಪದ ಕಲ್ಲು ಯಾರ ತಾಳಕ್ಕೂ ಕುಣಿಯಬೇಕಾಗಿಲ್ಲ ಎನ್ನುವುದು ನನ್ನ ಹಟ. ಬೆಚ್ಚಗಿನ ಹಳದಿ ಹಾಕಿ ಸುಮ್ಮನಿದ್ದರೆ ಆಯಿತು.

ರಷ್ಯದ ಸಂಗೀತ ಸಂಯೋಜಕ ಸ್ಕ್ರಿಯಾಬಿನ್ 1910ರಲ್ಲಿ ಬರೆದು ಮುಗಿಸಿದ ‘ಪ್ರೊಮಿಥಿಯಸ್’ ಕೃತಿಯಲ್ಲಿ ಬೆಳಕಿಗೂ ಒಂದು ಸಾಲು ಸ್ವರಲಿಪಿ ಇದೆ, ಪಿಟೀಲಿಗಿದ್ದ ಹಾಗೆ. ನನ್ನದೂ ಅಂಥದೇ ಒಂದು ನೋಟ್‌ಬುಕ್. ಜತಿ ಬರೆದುಕೊಂಡು ಅದರ ಕೆಳಗೆ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇನೆ. ಮಂಡಿಯ ಖಾತೆ ಪುಸ್ತಕಕ್ಕಿಂತ ಅದು ಅಚ್ಚುಕಟ್ಟಾಗಿದೆ.

ಆ ನೋಟ್‌ಬುಕ್ಕನ್ನು ಮುಚ್ಚಿಡಬೇಕಾಗುವುದು ಹಳ್ಳಿಯ ‘ಕುರುಕ್ಷೇತ್ರ’ ನಾಟಕಕ್ಕೆ. ಕರ್ಣ ಬಿದ್ದು, ಶೋಕದ ಹಾಡು ಮುಗಿಸಿ ಕಣ್ಣು ಮುಚ್ಚುತ್ತಾನೆ. ನಾನು ಹಾರ್ಮೋನಿಯಂ ಮೇಷ್ಟ್ರ ಬೆರಳು ನೋಡುತ್ತಾ ಕೆಂಪನ್ನು ಅಳತೆಯಿಂದ ಇಳಿಸುತ್ತಾ ಬರುತ್ತೇನೆ. ಅಷ್ಟರಲ್ಲಿ ‘ಒನ್ಸ್ ಮೋರ್’ ಎಂಬ ಕೂಗು, ಕರ್ಣನ ಎದೆಗೆ ನೋಟಿನ ಹಾರ. ಸತ್ತವನು ಎದ್ದು ಕೈಮುಗಿದು ಮತ್ತೆ ಹಾಡಲು ನಿಲ್ಲುತ್ತಾನೆ, ನಾನು ಫೇಡರನ್ನು ಮತ್ತೆ ಮೇಲಕ್ಕೆ ದೂಡುತ್ತೇನೆ. ಎರಡನೇ ಸಲ ಮೇಷ್ಟ್ರು ಕಾಲವನ್ನು ಒಂದು ಚೂರು ಏರಿಸಿಯೇ ಹಿಡಿಯುತ್ತಾರೆ.