ಪಿಡಿಎಫ್‌ನಲ್ಲಿ ಇದೆ, ವೆಬ್ ಪುಟದಲ್ಲಿ ಇಲ್ಲ

(1/3)
ಆರ್ಗ್ ಮೋಡ್ ಬಗ್ಗೆ ಬರೆಯೋಕೆ ಶುರು ಮಾಡಿದಾಗಿನಿಂದ ನೀವೆಲ್ಲ ಕೇಳ್ತಿರೋದು ಒಂದೇ ಪ್ರಶ್ನೆ: "ವರ್ಡ್ ಇರುವಾಗ ಇದೆಲ್ಲಾ ಯಾಕೆ?" ನನ್ನ ಉತ್ತರ ಯಾವಾಗ್ಲೂ ಸಣ್ಣದು. ಒಂದೇ ಫೈಲ್ ಬರೀರಿ, ಅದರಿಂದ ಪಿಡಿಎಫ್ ಬೇಕಾ, ವೆಬ್ ಪುಟ ಬೇಕಾ, ಬರೀ ಪಠ್ಯ ಬೇಕಾ, ತೆಗೀರಿ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಈಮ್ಯಾಕ್ಸ್ ಒಳಗೆ ಇದನ್ನ ಶುರು ಮಾಡಿದ್ದು ತಮ್ಮದೇ ಟಿಪ್ಪಣಿ ಮತ್ತು ಕೆಲಸಗಳನ್ನ ಒಂದು ಕಡೆ ಇಟ್ಟುಕೊಳ್ಳೋಕೆ. ಎಕ್ಸ್‌ಪೋರ್ಟ್ ಆಮೇಲೆ ಬೆಳೀತು.

ಇವತ್ತು ಆ "ಒಂದೇ ಫೈಲ್" ಅನ್ನೋ ಮಾತು ಎಲ್ಲಿ ಕೈಕೊಡುತ್ತೆ ಅಂತ ಹೇಳ್ತೀನಿ.

ಆರ್ಗ್‌ಗೆ ತನ್ನದೇ ಗುರುತುಗಳಿವೆ. ಸಾಲಿನ ಮೊದಲಿಗೆ ನಕ್ಷತ್ರ ಹಾಕಿದ್ರೆ ತಲೆಬರಹ. ಉದ್ದ ಗೆರೆಗಳ ನಡುವೆ ಬರೆದ್ರೆ ಕೋಷ್ಟಕ. ಪಾರ್ಸರ್ ಇಡೀ ಫೈಲ್ ಓದಿ, ಯಾವುದು ತಲೆಬರಹ, ಯಾವುದು ಪ್ಯಾರಾ, ಯಾವುದು ಯಾವುದರ ಒಳಗಿದೆ ಅಂತ ವಂಶವೃಕ್ಷದ ಥರ ಜೋಡಿಸಿಕೊಳ್ಳುತ್ತೆ. ಎಕ್ಸ್‌ಪೋರ್ಟರ್ ಆ ಮರ ನೋಡಿಕೊಂಡು ಲೇಟೆಕ್ ಅಥವಾ ಎಚ್‌ಟಿಎಂಎಲ್ ಬರೆಯುತ್ತೆ.

ಆದ್ರೆ ಆರ್ಗ್‌ಗೆ ಹೇಳೋಕೆ ಬರದ ವಿಷಯಗಳೂ ಇವೆ. ಎರಡು ಕಾಲಂ ಸೇರಿಸಿ ಮೇಲೆ ಒಂದೇ ಶೀರ್ಷಿಕೆ ಕೊಡಬೇಕು ಅಂದ್ರೆ ಅದರ ಕೋಷ್ಟಕಕ್ಕೆ ಆಗಲ್ಲ. ಲೇಟೆಕ್‌ಗೆ ಆಗುತ್ತೆ. ಆಗ ಬಳಸೋದು ರಾ ಬ್ಲಾಕ್. ಅಂದ್ರೆ ಕಚ್ಚಾ ಮಾಲನ್ನ ಹಾಗೇ ಸಾಗಿಸೋದು. ಮೇಲೆ "ಬಿಗಿನ್ ಎಕ್ಸ್‌ಪೋರ್ಟ್ ಲೇಟೆಕ್" ಅನ್ನೋ ಸಾಲು, ಕೆಳಗೆ "ಎಂಡ್ ಎಕ್ಸ್‌ಪೋರ್ಟ್", ನಡುವೆ ನಿಮ್ಮಿಷ್ಟದ ಲೇಟೆಕ್.

ಇದು ಅಂಟಿಸಿದ ಲಕೋಟೆ ಇದ್ದ ಹಾಗೆ. ಪಾರ್ಸರ್ ಒಳಗಿನ ಅರ್ಥ ಬಿಡಿಸಲ್ಲ, ಮೇಲಿನ ವಿಳಾಸ ಮಾತ್ರ ನೋಡುತ್ತೆ. ಹೋಗ್ತಿರೋದು ಲೇಟೆಕ್‌ಗೆ ಆದ್ರೆ ಒಳಗಿದ್ದದ್ದು ಹಾಗೇ ತಲುಪುತ್ತೆ. ಎಚ್‌ಟಿಎಂಎಲ್‌ಗೆ ಆದ್ರೆ ವಿಳಾಸ ಹೊಂದಲ್ಲ, ಲಕೋಟೆಯನ್ನ ಬಿಟ್ಟು ಮುಂದೆ ಹೋಗುತ್ತೆ. ದೋಷದ ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. ಖಾಲಿ ಜಾಗ ಕೂಡ ಉಳಿಯಲ್ಲ.

(2/3)
ನಮ್ಮ ಅರ್ಥಶಾಸ್ತ್ರ ಕ್ಲಾಸಿನ ನೋಟ್ಸ್ ಸೀನಿಯರ್‌ಗಳಿಂದ ಬಂದ ಆರ್ಗ್ ಫೈಲ್. ಎಲ್ಲರೂ ಪಿಡಿಎಫ್ ತೆಗೆದು ಜೆರಾಕ್ಸ್ ಅಂಗಡಿಗೆ ಕಳಿಸ್ತೀವಿ. ಒಬ್ಬ ಗೆಳೆಯನಿಗೆ ಮಾತ್ರ ವೆಬ್ ಪುಟ ಬೇಕು. ಅವನಿಗೆ ಕಣ್ಣು ಕಾಣಲ್ಲ. ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು, ನಮಗೆ ಅರ್ಥವೇ ಆಗದಷ್ಟು ವೇಗದಲ್ಲಿ ಕೇಳ್ತಾನೆ.

ಇಂಟರ್ನಲ್ಸ್‌ಗೆ ಎರಡು ದಿನ ಇರುವಾಗ ಇಬ್ಬರೂ ಕೂತು ಓದ್ತಿದ್ವಿ. ನಾನು ಮೂರನೇ ಕೋಷ್ಟಕದ ಒಂದು ಅಂಕಿ ಹೇಳಿದೆ. ಅವನು "ಯಾವ ಕೋಷ್ಟಕ?" ಅಂದ. ಅವನ ಪುಟದಲ್ಲಿ "ಕೆಳಗಿನ ಕೋಷ್ಟಕ ನೋಡಿ" ಅಂತ ಇತ್ತು, ಅದರ ಹಿಂದೆಯೇ ಮುಂದಿನ ಪ್ಯಾರಾ. ನೋಟ್ಸಿನ ಕೋಷ್ಟಕಗಳೆಲ್ಲ ಲೇಟೆಕ್ ವಿಳಾಸದ ರಾ ಬ್ಲಾಕ್‌ನಲ್ಲಿದ್ವು. ಒಂದೂ ಅವನಿಗೆ ತಲುಪಿರಲಿಲ್ಲ.

"ಮತ್ಯಾಕೋ ಕೇಳಲಿಲ್ಲ ಇಷ್ಟು ದಿನ?" ಅಂದೆ. "ಚಿತ್ರ ಇರಬೇಕು ಅಂದ್ಕೊಂಡೆ. ಪುಸ್ತಕದಲ್ಲಿ ಚಿತ್ರ ಬಂದ್ರೂ ಹೀಗೇ ಅಲ್ವಾ, ಏನೂ ಓದಲ್ಲ" ಅಂದ. ಬೇಜಾರಿನಿಂದಲೂ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಅಭ್ಯಾಸ ಆಗಿಹೋಗಿತ್ತು, ಅಷ್ಟೇ. ನನಗೆ ತಡೆಯೋಕೆ ಆಗದೇ ಇದ್ದದ್ದು ಆ ಅಭ್ಯಾಸ.

ಇನ್ನೊಂದು ವಿಚಿತ್ರ ನೋಡಿ. ಸೂತ್ರಗಳೆಲ್ಲ ಅವನ ಪುಟದಲ್ಲಿ ಇದ್ವು! ಅವೂ ಲೇಟೆಕ್‌ನಲ್ಲೇ ಬರೆದದ್ದು, ಆದ್ರೆ ಎಕ್ಸ್‌ಪೋರ್ಟ್ ಬ್ಲಾಕ್ ಒಳಗೆ ಅಲ್ಲ, ನೇರವಾಗಿ ಫೈಲಿನಲ್ಲಿ. ಅದನ್ನ ಆರ್ಗ್ ಗಣಿತ ಅಂತ ಗುರುತಿಸಿ, ವೆಬ್ ಪುಟಕ್ಕೆ ಮ್ಯಾಥ್‌ಜಾಕ್ಸ್ ಮೂಲಕ ಕಳಿಸುತ್ತೆ. ಪಾರ್ಸರ್ ಗುರುತಿಸಿದ್ದು ಎಲ್ಲರಿಗೂ ಹೋಯ್ತು. ಅಂಟಿಸಿಟ್ಟದ್ದು ಒಬ್ಬರಿಗೇ ಹೋಯ್ತು.

(3/3)
ಸರಿ ಮಾಡೋಕೆ ಒಂದು ಸಂಜೆ ಸಾಕಾಯ್ತು. ಹೇಗೆ ಅಂತ ಬರೀತೀನಿ, ಸೇವ್ ಮಾಡ್ಕೊಳ್ಳಿ.

ಒಂದು, ಸರಳ ಕೋಷ್ಟಕಗಳನ್ನೆಲ್ಲ ಆರ್ಗ್‌ನ ಸ್ವಂತ ಕೋಷ್ಟಕಕ್ಕೆ ಬದಲಾಯಿಸಿದ್ವಿ. ಪಿಡಿಎಫ್‌ನಲ್ಲಿ ಚಂದ ಕಾಣಬೇಕಾ? ಕೋಷ್ಟಕದ ಮೇಲೆ "ಆಟ್ರ್ ಲೇಟೆಕ್" ಅನ್ನೋ ಒಂದು ಸಾಲು ಹಾಕಿ. ಅಲಂಕಾರ ಪಿಡಿಎಫ್‌ಗೆ ಮಾತ್ರ, ಅಂಕಿ ಎಲ್ಲರಿಗೂ.

ಎರಡು, ಮೊದಲ ಸಾಲಿನ ಕೆಳಗೆ ಅಡ್ಡಗೆರೆ ಮರೀಬೇಡಿ. ಆ ಗೆರೆ ಇದ್ರೆ ಆರ್ಗ್ ಮೇಲಿನ ಸಾಲನ್ನ ಶೀರ್ಷಿಕೆ ಅಂತ ವೆಬ್ ಪುಟದಲ್ಲಿ ಗುರುತು ಹಾಕುತ್ತೆ. ಆಗ ಸ್ಕ್ರೀನ್ ರೀಡರ್ ಅಂಕಿಯ ಜೊತೆ ಅದು ಯಾವ ಕಾಲಂನದು ಅಂತಲೂ ಹೇಳುತ್ತೆ. ನಮಗೆ ಬರೀ ಗೆರೆ. ಅವನಿಗೆ ಅದೇ ದಾರಿ.

ಮೂರು, ರಾ ಬ್ಲಾಕ್ ಬೇಕೇ ಬೇಕು ಅಂದ್ರೆ ಜೋಡಿಯಾಗಿ ಬರೀರಿ. ಲೇಟೆಕ್‌ಗೆ ಒಂದು, ಅದರ ಕೆಳಗೇ ಎಚ್‌ಟಿಎಂಎಲ್‌ಗೆ ಇನ್ನೊಂದು. ಪ್ರತಿಯೊಂದೂ ತನ್ನ ವಿಳಾಸಕ್ಕೆ ಹೋಗುತ್ತೆ. ಒಂದು ಅಂಕಿ ತಿದ್ದಿದ್ರೆ ಎರಡೂ ಕಡೆ ತಿದ್ದಬೇಕು, ಅದು ನಿಜವಾದ ತಲೆನೋವು. ಅದಕ್ಕೇ ಇದು ಕೊನೆಯ ದಾರಿ.

ಮಾರ್ಕ್‌ಡೌನ್ ಬರೆಯೋರು "ನಮಗೇನು" ಅನ್ಬೇಡಿ. ಜಾನ್ ಮ್ಯಾಕ್‌ಫಾರ್ಲೇನ್ ಅವರ ಪ್ಯಾಂಡಾಕ್ ಬಳಸಿದ್ರೂ ಕಥೆ ಇದೇ: ರಾ ಬ್ಲಾಕ್‌ನ ವಿಳಾಸ ಹೊಂದದಿದ್ರೆ ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಆದ್ರೆ ಅಲ್ಲಿ "ವರ್ಬೋಸ್" ಆಯ್ಕೆ ಹಾಕಿ ಓಡಿಸಿದ್ರೆ ಯಾವ ಬ್ಲಾಕ್ ಬಿಟ್ಟೆ ಅಂತ ಹೇಳುತ್ತೆ. ಕೇಳಿದ್ರೆ ಮಾತ್ರ ಹೇಳುತ್ತೆ.

ರಾ ಬ್ಲಾಕ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದಿಲ್ಲದೆ ಎಷ್ಟೋ ಕೆಲಸ ಆಗಲ್ಲ. ಆದ್ರೆ ಅದನ್ನ ಬರೆಯುವ ಹೊತ್ತಿಗೆ ನಾವು ಓದುಗರನ್ನ ಆರಿಸ್ತಿರ್ತೀವಿ, ಗೊತ್ತಿಲ್ಲದೇ. ತಲುಪದೇ ಇದ್ದವರು ಬಂದು ದೂರು ಕೊಡಲ್ಲ. ಏನು ಕಳೆದಿದೆ ಅಂತ ಅವರಿಗೇ ಗೊತ್ತಿರಲ್ಲ.

ಇವತ್ತು ನಿಮ್ಮ ಫೈಲ್ ತೆಗೆದು "ಬಿಗಿನ್ ಎಕ್ಸ್‌ಪೋರ್ಟ್" ಅಂತ ಹುಡುಕಿ. ಸಿಕ್ಕ ಪ್ರತಿಯೊಂದರ ಮುಂದೆಯೂ ಒಂದು ಸಲ ಕೇಳಿ: ಇದು ಯಾರಿಗೆ ತಲುಪಲ್ಲ?

#ಆರ್ಗ್‌ಮೋಡ್ #ಕನ್ನಡದಲ್ಲಿ_ಟೆಕ್ #ಎಲ್ಲರಿಗೂ_ನೋಟ್ಸ್