ಛಾಗ್ಲಾ ಬಿಟ್ಟ ಕುರ್ಚಿ

ಕನ್ನಡ ಮಾಧ್ಯಮದಿಂದ ಬಂದ ನನಗೆ ಪ್ರಥಮ ಪಿಯುಸಿಯ ಇಂಗ್ಲಿಷ್ ಪಾಠಗಳು ತಲೆಗೇ ಹತ್ತಲಿಲ್ಲ. ಮೊದಲ ಟೆಸ್ಟಿನಲ್ಲಿ ಫೇಲಾದೆ. ವಕೀಲೆಯಾಗುವ ಆಸೆಯನ್ನು ಮನಸ್ಸಿನಲ್ಲೇ ಮುಚ್ಚಿಟ್ಟೆ. ಆಗ ಗ್ರಂಥಾಲಯದಲ್ಲಿ ಎಂ.ಸಿ. ಛಾಗ್ಲಾ ಅವರ ಬಗ್ಗೆ ಓದಿದೆ.

1900ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡ್‌ನಲ್ಲಿ ಓದಿ ಬ್ಯಾರಿಸ್ಟರ್ ಆದರು. ಆರಂಭದ ವರ್ಷಗಳಲ್ಲಿ ಕೇಸುಗಳಿಲ್ಲದೆ ಕಾದರು. ಸ್ವಾತಂತ್ರ್ಯಾನಂತರ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದರು. 1958ರಲ್ಲಿ ಎಲ್‌ಐಸಿ ಹಣದ ಮುಂಧ್ರಾ ಹಗರಣವನ್ನು ಜನರ ಎದುರಲ್ಲೇ ವಿಚಾರಣೆ ನಡೆಸಿದರು. ಹಣಕಾಸು ಸಚಿವರು ರಾಜೀನಾಮೆ ಕೊಡಬೇಕಾಯಿತು. 1963ರಲ್ಲಿ ತಾವೇ ಕೇಂದ್ರ ಶಿಕ್ಷಣ ಸಚಿವರಾದರು. ಕೊಠಾರಿ ಆಯೋಗ ನೇಮಕವಾದದ್ದು ಅವರ ಕಾಲದಲ್ಲೇ.

1967ರಲ್ಲಿ ವಿದೇಶಾಂಗ ಸಚಿವರಾಗಿದ್ದಾಗ ಅವರೂ ಕುರ್ಚಿ ಬಿಟ್ಟರು. ವಿಶ್ವವಿದ್ಯಾಲಯಗಳು ಅವಸರದಿಂದ ಪ್ರಾದೇಶಿಕ ಭಾಷೆಗಳಿಗೆ ಬದಲಾದರೆ ದೇಶದ ಐಕ್ಯಕ್ಕೆ ಧಕ್ಕೆ ಎಂಬುದು ಅವರ ವಾದ.

ಕನ್ನಡದಲ್ಲಿ ಕಲಿತ ನನಗೆ ಈ ವಾದ ಒಪ್ಪಿಗೆಯಿಲ್ಲ. ಆದರೂ ನಂಬಿದ ಮಾತಿಗಾಗಿ ಮಂತ್ರಿ ಪದವಿ ಬಿಟ್ಟವರ ಮೇಲೆ ಗೌರವ ಹುಟ್ಟಿತು. ಇಂಥವರ ಎದುರು ನಿಂತು ಕನ್ನಡದ ಪರ ವಾದಿಸಬೇಕು ಅನ್ನಿಸಿತು.

ಅಂದು ರಾತ್ರಿ ಊಟಕ್ಕೆ ಕೂತಾಗ, "ಅಬ್ಬಾ, ನಾನು ಲಾ ಓದ್ತೀನಿ" ಎಂದೆ.

"ಮೊದಲು ಪಿಯುಸಿ ಪಾಸಾಗು" ಎಂದು ಅಬ್ಬಾ ನಕ್ಕರು. ಬೇಡ ಎನ್ನಲಿಲ್ಲ.